ನಾಲ್ಕನೇ ಖಾನೆಯ ಗುಳಿಗೆ

ಹಂಸಭಾವಿ
8 ಆಗಸ್ಟ್ 2023

ಪರಮೇಶಣ್ಣನಿಗೆ ತಂಗಿ ವಿದ್ಯಾಶ್ರೀಯ ನಮಸ್ಕಾರ.

ಎಂದಿನಂತೆ ಎರಡು ಹಾಳೆ ಇಟ್ಟಿದ್ದೇನೆ. ಗೆರೆಯಿರುವ ಹಾಳೆ ಅವ್ವನದು. ಅವಳ ಎಡಗಿವಿಯ ಹತ್ತಿರ ಕೂತು ಗಟ್ಟಿಯಾಗಿ ಓದು, ನಡುನಡುವೆ ನಿನ್ನ ಪುರಾಣ ಸೇರಿಸಬೇಡ. ಫೋನಿನ ಮಾತು ಅವಳಿಗೆ ಕೇಳಿಸದೆ ಇರುವುದರಿಂದ ನನಗೆ ಒಂದು ಲಾಭವಾಗಿದೆ, ಈ ಕಾಲದಲ್ಲೂ ನನ್ನ ಪತ್ರಕ್ಕೆ ಕಾಯುವವರು ಒಬ್ಬರಿದ್ದಾರೆ. ಗೆರೆಯಿಲ್ಲದ ಈ ಹಾಳೆ ನಿನ್ನದು. ಓದಿ ಕಿಸೆಗೆ ಹಾಕಿಕೊ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ಕರೆವ್ವ ಪಕ್ಕದಲ್ಲೇ ಕೂತಿರುತ್ತಾರೆ.

ಜೂನ್ ಕೊನೆಯಲ್ಲಿ ಹಿರೇಕೆರೂರಿನಿಂದ ಸಂತೆ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆ. ಟಿಕೆಟ್ ಪುಕ್ಕಟೆ ಆದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ನಿನಗೆ ಗೊತ್ತಲ್ಲ. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆಯಲು ಶುರುವಾಯಿತು. ಕೈಕಾಲು ತಣ್ಣಗಾದವು, ಉಸಿರು ಸಿಗಲಿಲ್ಲ, ಇವತ್ತಿಗೆ ಮುಗಿಯಿತು ಅಂದುಕೊಂಡೆ. ಕೂಗಿ ಬಸ್ ನಿಲ್ಲಿಸಿ ಇಳಿದೆ. ಅದಾದ ಮೇಲೆ ಆರು ಸಲ ಹಾಗೆ ಆಗಿದೆ. ಎರಡು ಸಲ ಇಸಿಜಿ ತೆಗೆದರು, ಎದೆಯಲ್ಲಿ ಏನೂ ಇಲ್ಲವಂತೆ. ಕೊನೆಗೆ ಮಂಗಳವಾರ ಹಿರೇಕೆರೂರಿಗೆ ಬರುವ ಮನಸ್ಸಿನ ಡಾಕ್ಟರಬಾಯಿಗೆ ತೋರಿಸಿದೆ. ಇದು ಆತಂಕದ ಕಾಯಿಲೆ ಎಂದು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಮೊದಲ ಹತ್ತು ದಿನ ಇನ್ನೂ ಹೆಚ್ಚಾಯಿತು. ಈಗ ಇಪ್ಪತ್ತು ದಿನವಾಗಿದೆ, ಮೊನ್ನೆ ಒಬ್ಬಳೇ ಗಿರಣಿಗೆ ಹೋಗಿ ಹಿಟ್ಟು ಬೀಸಿಸಿಕೊಂಡು ಬಂದೆ. ನಿನಗೆ ಇದು ದೊಡ್ಡದಲ್ಲ, ನನಗೆ ದೊಡ್ಡದು.

ಗುಳಿಗೆಯ ಪಟ್ಟಿಯ ತುಂಡೊಂದನ್ನು ಕತ್ತರಿಸಿ ಇದರ ಜೊತೆ ಅಂಟಿಸಿದ್ದೇನೆ. ನೀನು ಮೆಡಿಕಲ್ ಅಂಗಡಿಯಲ್ಲಿ ಇರುವವನು, ಇದು ಏನೆಂದು ನೋಡಿ ಹೇಳು. ನಾಗರಪಂಚಮಿಗೆ ತವರಿಗೆ ಕರೆಯಲು ನೀನೇ ಬಾ. ಅವ್ವನಿಗೆ ಈ ಸುದ್ದಿ ಬೇಡ.

ವಿದ್ಯಾ

ಹಾನಗಲ್ಲ
14 ಆಗಸ್ಟ್ 2023

ವಿದ್ಯಾ,

ಉಭಯ ಕುಶಲ ಎಂದು ಬರೆಯೋಣವೆಂದರೆ ನಿನ್ನ ಕಡೆಯ ಕುಶಲ ಪಟ್ಟಿಯ ತುಂಡಿನಲ್ಲಿ ಬಂದಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ ನೋಡು. ಹನ್ನೆರಡು ವರ್ಷ ಔಷಧದ ನಡುವೆ ಕೂತ ಅಣ್ಣನನ್ನು ಬಿಟ್ಟು ನೀನು ಡಾಕ್ಟರ ಹತ್ತಿರ ಓಡಿದೆ.

ರಾಜೇಸಾಬರ ಅಂಗಡಿಯಲ್ಲಿ ಔಷಧಗಳನ್ನು ರೋಗದ ಪ್ರಕಾರ ಖಾನೆಗಳಲ್ಲಿ ಇಟ್ಟಿದ್ದೇವೆ. ಒಂದನೆಯದು ಜ್ವರ, ಎರಡನೆಯದು ಸಕ್ಕರೆ, ಮೂರನೆಯದು ಬಿಪಿ ಮತ್ತು ಎದೆ, ನಾಲ್ಕನೆಯದು ಖಿನ್ನತೆ. ನಿನ್ನ ಗುಳಿಗೆ ನಾಲ್ಕನೇ ಖಾನೆಯದು. ಖಾನೆಯ ಚೀಟಿ ನನ್ನ ಕೈಯಿಂದಲೇ ಬರೆದದ್ದು, ಹಾಗಾಗಿ ಸಂಶಯವೇ ಇಲ್ಲ. ಊಟ ಬಿಟ್ಟು, ಮಾತು ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗುವವರಿಗೆ ಕೊಡುವಂಥದ್ದು. ನಿನಗೆ ಅದು ಎಲ್ಲಿದೆ? ಸತ್ತವರ ಮನೆಯಲ್ಲೂ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಳ್ಳುವವಳು ನೀನು. ನಿನಗಿರುವುದು ಬರೀ ಅಂಜಿಕೆ. ಗದ್ದಲದಲ್ಲಿ ಡಾಕ್ಟರಬಾಯಿ ಒಂದಕ್ಕೆ ಇನ್ನೊಂದು ಬರೆದಿದ್ದಾರೆ.

ಇಂಥ ಗುಳಿಗೆ ಒಮ್ಮೆ ಹಿಡಿದರೆ ಜನ್ಮಪೂರ್ತಿ ಬಿಡುವುದಿಲ್ಲ. ನಿಮ್ಮ ಮನೆಗೆ ಬಂದವರು ಯಾರಾದರೂ ಪಟ್ಟಿ ನೋಡಿದರೆ ನಿನಗೆ ಏನು ಹೆಸರಿಡುತ್ತಾರೆ, ಯೋಚಿಸು. ಇವತ್ತೇ ಬಿಡು. ಲಿಂಬಿಹಣ್ಣಿನ ಶರಬತ್ತು ಕುಡಿ, ಬೆಳಿಗ್ಗೆ ನಡೆದಾಡು, ಸಾಕು.

ಪಂಚಮಿಗೆ ಕರೆಯಲು ಬರುವ ಪದ್ಧತಿ ಇನ್ನು ಮುಗಿಯಿತವ್ವ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಮೇಲೆ ಅಣ್ಣಂದಿರಿಗೆ ಏನು ಕೆಲಸ? ಜ್ವರದ ಹಂಗಾಮು, ಅಂಗಡಿ ಬಿಟ್ಟು ಬರಲಾಗದು. ನೀನೇ ಹತ್ತಿ ಬಾ. ಅವ್ವ ನಿನ್ನ ಹಾಳೆಯನ್ನು ಮೂರು ಸಲ ಓದಿಸಿಕೊಂಡು ಎಲೆಅಡಿಕೆಯ ಸಂಚಿಯಲ್ಲಿ ಸವಣೂರು ಎಲೆಯ ಜೊತೆ ಇಟ್ಟುಕೊಂಡಿದ್ದಾಳೆ.

ಪರಮೇಶ

ಹಂಸಭಾವಿ
4 ಸೆಪ್ಟೆಂಬರ್ 2023

ಅಣ್ಣ,

ನೀನು ಹೇಳಿದ ಹಾಗೆ ಬಿಟ್ಟೆ. ಉಳಿದ ಪಟ್ಟಿಗಳನ್ನು ಬಚ್ಚಲ ಒಲೆಗೆ ಹಾಕಿದೆ. ನಡುನಡುವೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ, ಸ್ವಲ್ಪ ತಲೆಸುತ್ತು. ಉಷ್ಣ ಇರಬೇಕು.

ಪಂಚಮಿಗೆ ಬರಲಾಗಲಿಲ್ಲ, ಅತ್ತೆಯ ಕಡೆಯವರು ಬಂದಿದ್ದರು. ಅವ್ವ ಉಂಡಿ ಕಟ್ಟಿ ಇಟ್ಟಿದ್ದಳೆಂದು ಫೋನಿನಲ್ಲಿ ಹೇಳಿದೆಯಲ್ಲ, ನನ್ನ ಪಾಲಿನದು ನೀನೇ ತಿಂದುಬಿಡು. ಅವ್ವನ ಹಾಳೆ ಇದರ ಜೊತೆ ಇದೆ.

ವಿದ್ಯಾ

ಹಾನಗಲ್ಲ
21 ನವೆಂಬರ್ 2023

ವಿದ್ಯಾ,

ದೀವಳಿಗೆಗೆ ಬರುತ್ತೇನೆ ಎಂದು ನಿನ್ನ ಗಂಡ ಅಂಬರೀಶನ ಬಾಯಲ್ಲಿ ಹೇಳಿಸಿದೆ. ಪಾಡ್ಯದ ದಿನ ಬಸ್ ಸ್ಟ್ಯಾಂಡಿನಲ್ಲಿ ಮೂರು ಬಸ್ಸು ಖಾಲಿಯಾಗುವ ತನಕ ನಿಂತಿದ್ದೆ. ಕೊನೆಯ ಬಸ್ಸಿನ ಕಂಡಕ್ಟರ್ "ಯಾರನ್ನ ಹುಡಕಾಕತ್ತೀರಿ?" ಅಂದ. ಮನೆಗೆ ಬಂದರೆ ಅವ್ವ ಹೊಸ್ತಿಲಲ್ಲೇ ಕೂತಿದ್ದಳು, ನನ್ನ ಹಿಂದೆ ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು.

ಅವಳ ಕಾಲು ಬಾತಿವೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಫೋನ್ ಮಾಡಿದರೆ ನೀನು "ಕೆಲಸ ಐತಿ, ಆಮ್ಯಾಲೆ ಮಾಡ್ತೇನಿ" ಅಂತ ಇಡುತ್ತೀ. ಒಂದೂವರೆ ತಾಸಿನ ದಾರಿ. ತವರು ಇಷ್ಟು ಬೇಗ ದೂರವಾಯಿತೇ? ನೀನು ಹೀಗೆ ಇರಲಿಲ್ಲ.

ಪರಮೇಶ

ಹಂಸಭಾವಿ
29 ನವೆಂಬರ್ 2023

ಅಣ್ಣ,

ಬೈದದ್ದು ಸರಿಯಾಗಿದೆ. ಗೋವಿನಜೋಳದ ಸುಗ್ಗಿ, ಅತ್ತೆಗೆ ಜ್ವರ, ಎರಡೂ ಒಟ್ಟಿಗೆ ಬಂದವು. ಅವ್ವನ ಹಾಳೆಯಲ್ಲಿ ಎಲ್ಲ ಬರೆದಿದ್ದೇನೆ, ಸಾವಕಾಶ ಓದಿ ಹೇಳು. ಕಾಲಿನ ಕೆಳಗೆ ದಿಂಬು ಇಡು.

ವಿದ್ಯಾ

ಹಾನಗಲ್ಲ
8 ಜನವರಿ 2024

ವಿದ್ಯಾ,

ಅವ್ವ ಈಗ ಅಡ್ಡಾಗಿ ಮಲಗಲಾರಳು, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ. ಎದೆ ಸೋತಿದೆ ಎಂದು ಡಾಕ್ಟರು ಹೇಳಿದ್ದಾರೆ. ಔಷಧದಲ್ಲಿ ಕಡಿಮೆ ಮಾಡಿಲ್ಲ. ನಿನ್ನ ಮೇಲಿನ ಸಿಟ್ಟನ್ನು ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ, ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಬಾ. ಹಳೆಯ ಹಾಳೆಗಳನ್ನೇ ತಿರುಗಿ ತಿರುಗಿ ಓದಿಸುತ್ತಾಳೆ, ಹೊಸದು ಯಾವಾಗ ಬರುತ್ತದೆ ಎಂದು ಕೇಳುತ್ತಾಳೆ.

ಪರಮೇಶ

ಹಂಸಭಾವಿ
12 ಜನವರಿ 2024

ಅಣ್ಣ,

ಈ ಸಲ ಅವ್ವನ ಹಾಳೆ ಬರೆಯಲು ಪುರುಸೊತ್ತಾಗಲಿಲ್ಲ. ಅವಳಿಗೆ ನೀನೇ ಏನಾದರೂ ಹೇಳು.

ವಿದ್ಯಾ

ಹಾನಗಲ್ಲ
24 ಜನವರಿ 2024

ವಿದ್ಯಾಶ್ರೀ,

ಅವ್ವ ಹೋಗಿ ಇಂದಿಗೆ ಆರು ದಿನ. ಗುರುವಾರ ಮುಂಜಾನೆ ಒಂಬತ್ತಕ್ಕೆ ನಿನಗೆ ಫೋನ್ ಮಾಡಿಸಿದೆ. ಸಂಜೆ ನಾಲ್ಕರ ತನಕ ಮಣ್ಣು ಮಾಡುವುದನ್ನು ತಡೆಸಿದೆ. ಓಣಿಯ ಹಿರಿಯರು "ಹೊತ್ತು ಮುಳಗತೈತಿ ಪರಮೇಶಾ, ಇನ್ನ ಯಾರಿಗಿ ಕಾಯ್ತಿ?" ಅಂದರು. ಮಗಳು ಬರಬೇಕ್ರಿ ಅಂದೆ. ಬಂದವನು ನಿನ್ನ ಗಂಡ, ಒಬ್ಬನೇ, ಮೋಟಾರ್ ಸೈಕಲ್ಲಿನ ಮೇಲೆ. "ಅಕಿಗೆ ಬರಾಕ ಆಗಲಿಲ್ರಿ" ಅಂದವನು ತಲೆ ಎತ್ತಲಿಲ್ಲ.

ಹೆತ್ತವಳ ಮಣ್ಣಿಗೆ ಬರದಷ್ಟು ಏನಿತ್ತು ನಿನಗೆ? ಮಗಳು ಬಾಯಿಗೆ ಬಿಡಬೇಕಾದ ನೀರನ್ನು ಪಕ್ಕದ ಮನೆಯ ಖತೀಜಾಬಿ ಬಿಟ್ಟಳು. ಯಾರೂ ಕರೆಯದೆ ತಾನೇ ಮುಂದೆ ಬಂದಳು. ಅವಳು ಅತ್ತಳು. ನಾನು ಅಳಲಿಲ್ಲ, ನಿನ್ನ ಮೇಲಿನ ಸಿಟ್ಟಿನಲ್ಲಿ ನನಗೆ ಅಳುವುದಕ್ಕೂ ಆಗಲಿಲ್ಲ. ಅದನ್ನೂ ನೀನು ಕಸಿದುಕೊಂಡೆ.

ಇನ್ನು ಎರಡು ಹಾಳೆಯ ಕೆಲಸವಿಲ್ಲ. ಒಂದನ್ನೂ ಬರೆಯಬೇಡ.

ಪರಮೇಶ

ಹಂಸಭಾವಿ
10 ಏಪ್ರಿಲ್ 2024

ಅಣ್ಣ,

ಬರೆಯಬೇಡ ಅಂದಿದ್ದೆ, ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೂ ಓದಿ ಹರಿ. ಅವ್ವ ಹೋದ ಮೇಲಿನ ಮೊದಲ ಪತ್ರ ಇದು, ಅವಳ ಹಾಳೆ ಇಲ್ಲದ ಲಕೋಟೆಯ ಹಗುರ ಕೈಗೆ ಹೊಂದುತ್ತಿಲ್ಲ.

ನಾನು ಸುಳ್ಳು ಹೇಳಿದ್ದೆ. ಪಂಚಮಿಗೆ ನಮ್ಮ ಮನೆಗೆ ಯಾರೂ ಬಂದಿರಲಿಲ್ಲ, ದೀವಳಿಗೆಗೆ ಅತ್ತೆಗೆ ಜ್ವರ ಇರಲಿಲ್ಲ. ಎರಡು ಸಲವೂ ನಾನು ಹೊರಟಿದ್ದೆ. ಅರ್ಧ ದಾರಿಯ ಚಿಕ್ಕೇರೂರಿಗೆ ಬರುವಷ್ಟರಲ್ಲಿ ಎದೆ ಬಾಯಿಗೆ ಬಂದು ಇಳಿದುಬಿಟ್ಟೆ. ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಲ್ಲುಬೆಂಚು ಇದೆ. ದೀವಳಿಗೆಯ ದಿನ ಸಂಜೆಯ ತನಕ ಅದರ ಮೇಲೆ ಕೂತಿದ್ದೆ, ಮಡಿಲಲ್ಲಿ ಅವ್ವನ ಸೀರೆಯ ಚೀಲ. ಮುಂದೆ ಹೋಗಲಾರೆ, ಹಿಂದೆ ಬರಲಾರೆ. ಜನವರಿಯಲ್ಲಿ ನಿನ್ನ ಪತ್ರ ಬಂದಾಗ ಮೂರನೇ ಸಲ ಹೊರಟೆ. ಆಗಲೂ ಅದೇ ಬೆಂಚು. ಕೊನೆಯ ದಿನ ಇವರು ಬೈಕಿನ ಮೇಲೆ ಕೂರಿಸಿಕೊಂಡು ಹೊರಟರು. ಚಿಕ್ಕೇರೂರು ದಾಟುತ್ತಲೇ ಈಗ ಸಾಯುತ್ತೇನೆ ಅನ್ನಿಸಿ ಗಾಡಿ ನಿಲ್ಲುವ ಮೊದಲೇ ಹಾರಿದೆ. ಮೊಣಕಾಲು ಒಡೆಯಿತು. ಪರಿಚಯದವರ ಮನೆಯಲ್ಲಿ ನನ್ನನ್ನು ಬಿಟ್ಟು ಇವರು ಒಬ್ಬರೇ ಬಂದರು. ಅಣ್ಣನಿಗೆ ಹೇಳಬೇಡಿ ಎಂದು ನಾನೇ ಆಣೆ ಮಾಡಿಸಿದ್ದೆ. ಅವ್ವ ಮಣ್ಣಾಗುವ ಹೊತ್ತಿಗೆ ನಾನು ಯಾರದೋ ಮನೆಯ ಪಡಸಾಲೆಯಲ್ಲಿ ಕಾಲಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದೆ.

ಫೆಬ್ರುವರಿಯಲ್ಲಿ ಅತ್ತೆ ನನ್ನ ಕೈ ಹಿಡಿದು ಹಿರೇಕೆರೂರಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ನಾಲ್ಕು ಸಲ ಇಳಿದು ಹತ್ತಿದೆವು. ಒಂದು ಸಲವೂ ಬೈಯಲಿಲ್ಲ. ಅದೇ ಡಾಕ್ಟರಬಾಯಿ. ಮತ್ತೆ ಅದೇ ಗುಳಿಗೆ ಬರೆದರು. ಸಿಟ್ಟಾಗಬೇಡ, ಈಗ ಮತ್ತೆ ತೆಗೆದುಕೊಳ್ಳುತ್ತಿದ್ದೇನೆ. ಆದರೆ ಈ ಸಲ ನಾನು ಕೇಳಿಯೇಬಿಟ್ಟೆ, ನನಗಿರುವುದು ಅಂಜಿಕೆ, ಇದು ಖಿನ್ನತೆಯ ಗುಳಿಗೆಯಲ್ಲವೇ ಎಂದು. ಅವರು ನಕ್ಕರು.

"ಖಿನ್ನತಿ ಗುಳಿಗಿ ಅನ್ನೂದು ಅದಕ್ಕ ಮೊದಲ ಬಿದ್ದ ಹೆಸರವ್ವ. ಮೊದಲ ಅದಕ್ಕ ಕೊಟ್ರು, ಹೆಸರು ಹಂಗ ಕುಂತಬಿಡ್ತು. ಆಮ್ಯಾಲೆ ಅಂಜಿಕಿ ಇದ್ದವರಿಗೂ ಕೊಟ್ಟು ನೋಡಿದ್ರು, ಅವರಿಗೂ ಆರಾಮ ಆತು. ಅರಿಷಿಣ ಸಾರಿಗೆ ಹಾಕ್ತಿ, ಬೆರಳು ಕೊಯ್ಕೊಂಡಾಗ ಗಾಯಕ್ಕ ಹಚ್ಚಂಗಿಲ್ಲೇನು?"

ಮಿದುಳಿನಲ್ಲಿ ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ಸೆರಟೋನಿನ್ ಎಂಬ ವಸ್ತು ಇದೆಯಂತೆ. ಮನಸ್ಸು ಕುಗ್ಗುವುದರಲ್ಲೂ ಗಾಬರಿ ಏಳುವುದರಲ್ಲೂ ಅದರ ಕೈವಾಡ ಇರುವುದರಿಂದ ಒಂದೇ ಗುಳಿಗೆ ಎರಡಕ್ಕೂ ಬರುತ್ತದೆ. ಅದು ಅಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಗುಳಿಗೆ ಮಾಡುತ್ತದೆ. ಆಮೇಲೆ ಮಿದುಳು ತಾನಾಗಿ ಹೊಂದಿಕೊಳ್ಳಲು ನಾಲ್ಕಾರು ವಾರ ಬೇಕು, ಮೊದಲ ದಿನಗಳಲ್ಲಿ ಗಾಬರಿ ಹೆಚ್ಚಾಗುವುದೂ ಉಂಟು. ಒಳಗೆ ಏನೇನು ನಡೆಯುತ್ತದೆ ಎಂಬುದು ಪೂರ್ತಿ ಗೊತ್ತಿಲ್ಲ, ಆದರೆ ಬಹಳ ಜನರಿಗೆ ಉಪಯೋಗವಾಗುವುದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ ಎಂದರು. ನುಂಗಿದ ಕೂಡಲೇ ಶಾಂತ ಮಾಡುವ ಗುಳಿಗೆಗಳೂ ಇವೆ, ಅವು ಚಟ ಹಿಡಿಸುತ್ತವೆ, ಬಹಳ ದಿನ ಕೊಡಲು ಬರುವುದಿಲ್ಲ. ಇದು ಹಾಗೆ ಚಟವಾಗುವುದಿಲ್ಲ, ಆದರೆ ಒಮ್ಮೆಲೇ ಬಿಡಬಾರದು. ಬಿಟ್ಟರೆ ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ ಆಗುತ್ತದೆ, ಹಳೆಯ ರೋಗವೂ ಮರಳಿ ಬರಬಹುದು.

"ಹಂಗಾರ ನನಗ ಖಿನ್ನತಿ ಇಲ್ಲೇನ್ರಿ?" ಅಂದೆ. "ಆವಾಗ ಇರಲಿಲ್ಲ," ಅಂದರು. "ಈಗ ನಿಮ್ಮವ್ವ ಹೋಗ್ಯಾಳ. ಈಗ ಅದೂ ಐತಿ."

ನಡುವೆ ಯಾಕೆ ಬಿಟ್ಟೆ ಎಂದು ಕೇಳಿದರು. ಮರೆತೆ ಎಂದು ಹೇಳಿದೆ.

ವಿದ್ಯಾ

ಹಾನಗಲ್ಲ
2 ಮೇ 2024

ವಿದ್ಯಾ,

ಇಪ್ಪತ್ತು ದಿನ ಈ ಪತ್ರ ಬರೆಯಲು ಕೂತು ಕೂತು ಎದ್ದಿದ್ದೇನೆ.

ನಿನ್ನ ಪತ್ರದಲ್ಲಿದ್ದ ಡಾಕ್ಟರಬಾಯಿಯ ಮಾತನ್ನು ರಾಜೇಸಾಬರಿಗೆ ಓದಿ ಹೇಳಿದೆ. ಇದು ಖರೇ ಏನ್ರಿ ಎಂದು ಕೇಳಿದೆ. ಅವರು ನನ್ನನ್ನು ಮೂರನೇ ಖಾನೆಯ ಮುಂದೆ ನಿಲ್ಲಿಸಿ ಒಂದು ಪಟ್ಟಿ ತೆಗೆದು ತೋರಿಸಿದರು. "ಈ ಗುಳಿಗಿ ಮೊದಲ ತಲಿನೋವಿಗಿ ಅಂತ ಕೊಡ್ತಿದ್ರು. ಈಗ ಎದಿ ರೋಗದವರಿಗೆ ದಿನಾ ಕೊಡಾಕತ್ತಿಯಲ್ಲ, ಅವರಿಗೆಲ್ಲಾ ತಲಿನೋವು ಐತೇನು? ಖಾನಿ ಮಾಡಿದ್ದು ನಿಮ್ಮ ಕೈಗೆ ಲಗೂ ಸಿಗಲಿ ಅಂತ. ಖಾನಿ ನೋಡಿ ಡಾಕ್ಟರಕಿ ಮಾಡು ಅಂತ ಯಾರು ಹೇಳಿದ್ರೊ ನಿನಗ?" ಅಂದರು. ಅವ್ವನಿಗೆ ದಿನಾ ಅದನ್ನೇ ನನ್ನ ಕೈಯಾರೆ ಕೊಡುತ್ತಿದ್ದೆ. ಅವಳಿಗೆ ಒಂದು ದಿನವೂ ತಲೆನೋವು ಇರಲಿಲ್ಲ. ಕಣ್ಣೆದುರಿಗೆ ಇದ್ದದ್ದು ನನ್ನ ತಲೆಗೆ ಹೋಗಲಿಲ್ಲ.

ಮರೆತೆ ಎಂದು ನೀನು ಡಾಕ್ಟರಿಗೆ ಹೇಳಿದ್ದನ್ನು ಓದಿದಾಗ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಜನವರಿಯಲ್ಲಿ ಬಾರದ ಅಳು ಆಗ ಬಂತು. ನೀನು ಮರೆತಿರಲಿಲ್ಲ. ನಾನು ಬಿಡಿಸಿದ್ದು. ಗಿರಣಿಗೆ ಹೋಗಿ ಬಂದೆ ಎಂದು ನೀನು ಬರೆದಿದ್ದೆ, ಬಸ್ಸಿನಲ್ಲಿ ಹಾಗಾಯಿತು ಎಂದು ಬರೆದಿದ್ದೆ. ಅದೇ ಹಾಳೆಯಲ್ಲಿ ಕರೆಯಲು ಬಾ ಎಂದೂ ಬರೆದಿದ್ದೆ. ನಾನು ಗುಳಿಗೆಯ ಹೆಸರನ್ನಷ್ಟೇ ಓದಿದೆ.

ಇನ್ನೊಂದಿದೆ. ಅದನ್ನು ಹೇಳದೆ ನನಗೆ ಊಟ ಇಳಿಯುತ್ತಿಲ್ಲ. ಪುರುಸೊತ್ತಿಲ್ಲ ಎಂಬ ನಿನ್ನ ಚೀಟಿ ಬಂದ ದಿನ ಅವ್ವ ಹಾಳೆ ಎಲ್ಲಿ ಎಂದಳು. ನಾನು ಅಂಗಡಿಯ ಬಿಲ್ಲಿನ ಖಾಲಿ ಕಾಗದ ಹಿಡಿದು ಓದಿದೆ. "ಅವ್ವಾ, ನಾಳೆ ಬಸ್ಸಿಗೆ ಬರ್ತೇನಿ" ಎಂದು ನೀನು ಬರೆದ ಹಾಗೆ ಓದಿದೆ. ಅವಳು ಕಾಗದ ಇಸಿದುಕೊಂಡು ಬೆರಳಾಡಿಸಿ ನೋಡಿದಳು.

"ಈ ಸಲ ಹಾಳಿ ಸಣ್ಣದೈತಲ್ಲೊ," ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಐದ ತಿಂಗಳಾತು, ಅಕಿ ಒಂದ ಹಾಳ್ಯಾಗೂ ಬರ್ತೇನಿ ಅಂತ ಬರದಿಲ್ಲ. ಅಕಿ ಯಾತಕ್ಕೋ ಅಂಜ್ಯಾಳ ಪರಮೇಶಾ. ಮಗಳನ್ನ ಕರಿಯಾಕ ಹೋಗಬೇಕೊ, ತಾನಾಗಿ ಬರಲಿ ಅಂತ ಕುಂದರಬಾರದು. ನೀ ಹೋಗಿ ಕರಕೊಂಡು ಬಾ," ಅಂದಳು.

ನಾನು ಹೋಗಲಿಲ್ಲ. ಬಸ್ಸು ಪುಕ್ಕಟೆ ಇದೆ, ಬರಬೇಕೆನಿಸಿದರೆ ಬರುತ್ತಾಳೆ ಅಂದೆ. ಮೂರು ದಿನ ಹೇಳಿದಳು, ಮೂರು ದಿನವೂ ಅದನ್ನೇ ಅಂದೆ. ನಾಲ್ಕನೆಯ ದಿನ ಅವಳು ಹೋದ ಗುರುವಾರ.

ಎರಡಕ್ಷರ ಓದಲು ಬಾರದವಳು ನಿನ್ನನ್ನು ಸರಿಯಾಗಿ ಓದಿದಳು. ನನ್ನನ್ನು ಕ್ಷಮಿಸು ಎಂದು ಕೇಳುವ ಧೈರ್ಯ ಇಲ್ಲ. ಖಾನೆಯ ಮೇಲಿನ ಚೀಟಿ ಕಿತ್ತು ಹಾಕಿದೆ. ಈ ಪಂಚಮಿಗೆ ಕರೆಯಲು ಬರುತ್ತೇನೆ. ಬೇಡವೆಂದರೂ ಬಂದು ನಿಮ್ಮ ಕಟ್ಟೆಯ ಮೇಲೆ ಕೂತು ಹೋಗುತ್ತೇನೆ.

ಪರಮೇಶ

ಹಂಸಭಾವಿ
25 ಜುಲೈ 2024

ಅಣ್ಣ,

ನಿನ್ನ ಪತ್ರ ಓದಿ ಎರಡು ದಿನ ಊಟ ಮಾಡಲಿಲ್ಲ. ಗುಳಿಗೆಯ ವಿಷಯಕ್ಕಲ್ಲ. ಅದು ನನಗೆ ಮೊದಲೇ ಗೊತ್ತಿತ್ತು, ನೀನು ಹೊತ್ತುಕೊಂಡು ತಿರುಗುವುದು ಬೇಡವೆಂದೇ ಬಾಯಿಬಿಟ್ಟು ಬರೆದಿರಲಿಲ್ಲ. ಬಿಡು ಅಂದವನು ನೀನು, ಬಚ್ಚಲ ಒಲೆಗೆ ಹಾಕಿದವಳು ನಾನು. ಒಮ್ಮೆ ಡಾಕ್ಟರನ್ನೂ ಕೇಳೋಣ ಎಂದು ನನಗೂ ಅನ್ನಿಸಲಿಲ್ಲ. ಆದರೆ ಅವ್ವ ಕರಕೊಂಡು ಬಾ ಅಂದಳಲ್ಲ, ಮೂರು ದಿನ ಅಂದಳಲ್ಲ. ಅದಕ್ಕೆ ನಿನ್ನ ಮೇಲೆ ಸಿಟ್ಟಿದೆ. ಇಲ್ಲ ಎಂದು ಬರೆದರೆ ಮತ್ತೆ ಸುಳ್ಳು ಶುರುವಾಗುತ್ತದೆ. ನೀನು ಬಂದು ಪಕ್ಕದಲ್ಲಿ ಕೂತಿದ್ದರೆ ನಾನು ಬರುತ್ತಿದ್ದೆನೋ ಇಲ್ಲವೋ, ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಗುಳಿಗೆ ತಪ್ಪಿಸಿಲ್ಲ. ಡಾಕ್ಟರಬಾಯಿ ಹೇಳಿದಂತೆ ದಿನಕ್ಕೆ ಒಂದೊಂದು ಸ್ಟಾಪು ಹೆಚ್ಚು ಮಾಡುತ್ತ ಬಸ್ಸು ಹತ್ತಿ ಇಳಿದು ಅಭ್ಯಾಸ ಮಾಡುತ್ತಿದ್ದೇನೆ. ಕಂಡಕ್ಟರುಗಳಿಗೆಲ್ಲ ಪರಿಚಯವಾಗಿದ್ದೇನೆ. ಹೋದ ವಾರ ಚಿಕ್ಕೇರೂರಿನ ತನಕ ಒಬ್ಬಳೇ ಹೋಗಿ ಬಂದೆ. ಅಲ್ಲಿಂದ ಮುಂದಕ್ಕೆ ಇನ್ನೂ ಆಗಿಲ್ಲ.

ಅದಕ್ಕೆ ನೀನು ಹಂಸಭಾವಿಗೆ ಬರಬೇಡ. ಪಂಚಮಿಯ ದಿನ ಹತ್ತು ಗಂಟೆಗೆ ಚಿಕ್ಕೇರೂರಿಗೆ ಬಂದು ಆ ಕಲ್ಲುಬೆಂಚಿನ ಮೇಲೆ ಕೂತಿರು. ಅಲ್ಲಿಯ ತನಕ ನಾನು ಬರುತ್ತೇನೆ. ಅಲ್ಲಿಂದ ನೀನು ಕರೆದುಕೊಂಡು ಹೋಗು. ನಡುವೆ ಇಳಿಯುತ್ತೇನೆ ಅಂದರೆ ಇಳಿಯೋಣ, ಮುಂದಿನ ಬಸ್ಸು ಹತ್ತೋಣ.

ಈ ಲಕೋಟೆಯಲ್ಲಿ ಮತ್ತೆ ಎರಡು ಹಾಳೆ ಇವೆ. ಗೆರೆಯಿರುವುದನ್ನು ಕಿಸೆಯಲ್ಲಿ ಇಟ್ಟುಕೊಂಡು ಬಾ. ಅವ್ವನ ಮಣ್ಣಿನ ಹತ್ತಿರ ಹೋದ ಮೇಲೆ ಗಟ್ಟಿಯಾಗಿ ಓದು. ನಾನು ಪಕ್ಕದಲ್ಲಿ ಕೂತಿರುತ್ತೇನೆ.

ವಿದ್ಯಾ

(ಗೆರೆಯಿರುವ ಹಾಳೆ)

ಅವ್ವಾ,

ನಿನ್ನ ಮಗಳು ವಿದ್ಯಾ ಬಂದಿದ್ದೇನೆ. ತಡವಾಯಿತು. ನಾಲ್ಕು ಸಲ ಹೊರಟಿದ್ದೆ, ಅರ್ಧ ದಾರಿಗೆ ಬಂದಿದ್ದೆ, ಅಷ್ಟು ಹತ್ತಿರ ಇದ್ದೆ ಅವ್ವಾ. ಬರುತ್ತೇನೆ ಎಂದು ಒಮ್ಮೆಯೂ ಬರೆಯದೆ ಇದ್ದದ್ದು ನಿನಗೆ ಸುಳ್ಳು ಹೇಳಲು ಆಗಲಿಲ್ಲ ಎಂದೇ. ನಿನಗೆ ಅದು ತಿಳಿದಿತ್ತಂತೆ.

ಈಗ ದಿನಾ ಒಂದು ಗುಳಿಗೆ ತೆಗೆದುಕೊಳ್ಳುತ್ತೇನೆ. ಅಂಜಿಕೆಗೆ ಎಂದು ಕೊಟ್ಟದ್ದು, ನೀನು ಹೋದ ದುಃಖಕ್ಕೂ ಅದೇ ನಡೆಯುತ್ತದಂತೆ. ಸವಣೂರು ಎಲೆ ತರಲು ಅಣ್ಣನಿಗೆ ಹೇಳಿದ್ದೇನೆ, ಮರೆತಿದ್ದರೆ ನೀನೇ ಬೈದುಕೊ.

ಇದನ್ನು ಓದುವಾಗ ಪರಮೇಶಣ್ಣ ನಡುನಡುವೆ ನಿಲ್ಲಿಸುತ್ತಾನೆ. ಸಿಟ್ಟಾಗಬೇಡ, ಸಾವಕಾಶ ಓದಲಿ. ಈ ಸಲ ಬರೆದದ್ದನ್ನೇ ಓದುತ್ತಿದ್ದಾನೆ.